ಹಕಾರ ಬಿದ್ದರೆ ಆಕಾಶ ಬೀಳುವುದೇ?

ಪತ್ರ: ಮೊನ್ನೆ ಹಾಸನಕ್ಕೆ ಹೋಗಿದ್ದೆ. ಬಸ್ ಕಂಡಕ್ಟರ್ 'ಆಸನ, ಆಸನ' ಎಂದು ಕೂಗುತ್ತಿದ್ದ. ಬಿದ್ದು ಬಿದ್ದು ನಕ್ಕೆ. ಹಕಾರ ನುಂಗುವ ಇಂಥವರ ಬಾಯಲ್ಲಿ ಕನ್ನಡ ಉಳಿದೀತೆ?
– ಓದುಗರೊಬ್ಬರು, ಮೈಸೂರು

ಉತ್ತರ: ಬಸ್ಸಿನಲ್ಲಿ ನಿಮಗೆ ಆಸನ ಸಿಕ್ಕಿತೋ ಇಲ್ಲವೋ ಬರೆದಿಲ್ಲ, ನಗುವಂತೂ ಸಿಕ್ಕಿತಲ್ಲ, ಸಂತೋಷ. ವಾರ್ತೆ ಓದುವವರು 'ಹಿಂದಿನ ಸಭೆ'ಯನ್ನು 'ಇಂದಿನ ಸಭೆ' ಮಾಡಿದರೆ ಅರ್ಥವೇ ಕೆಡುತ್ತದೆ. ಅವರು ನಾಲಿಗೆ ತಿದ್ದಿಕೊಳ್ಳಲಿ, ಒಪ್ಪಿದೆ. ಅಲ್ಲಿಗೆ ನಿಮ್ಮ ಪಾಲಿನ ನ್ಯಾಯ ಮುಗಿಯಿತು.

ಅಷ್ಟು ದೂರ ಹೋದವರು ಬೇಲೂರು ತಾಲ್ಲೂಕಿನ ಹಲ್ಮಿಡಿಗೂ ಹೋಗಿಬರಬಹುದಿತ್ತು. ಸುಮಾರು ಕ್ರಿ.ಶ. 450ರ ಆ ಊರಿನ ಶಾಸನದಲ್ಲಿ ಊರಿನ ಹೆಸರು 'ಪಲ್ಮಡಿ'. ನೀವು ಕಾವಲು ಕಾಯುತ್ತಿರುವ ಹಕಾರ ಆ ಹೆಸರಿನಲ್ಲಿ ಇನ್ನೂ ಹುಟ್ಟಿಯೇ ಇಲ್ಲ! ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪಂಪೆ ಹಂಪೆಯಾಯಿತು. ತುಟಿ ಬಿಗಿದು ಬಿಡುತ್ತಿದ್ದ ಪಕಾರ ಸಡಿಲಗೊಂಡು ಬರಿಯ ಉಸಿರಾಯಿತು. ಆ ಉಸಿರೂ ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕರಗಿತು. ತುಳುವರು ಇಂದಿಗೂ ಹುಲಿಗೆ 'ಪಿಲಿ' ಎನ್ನುತ್ತಾರೆ. ನಮ್ಮ 'ಹುಲಿ' ಕೇಳಿ ಅವರು ನಗುವುದಿಲ್ಲ, ದೊಡ್ಡ ಮನಸ್ಸಿನವರು.

ಇನ್ನು ನಿಮ್ಮ 'ಬಿದ್ದು ಬಿದ್ದು ನಕ್ಕೆ'. ಅದು ಒಂದು ಕಾಲಕ್ಕೆ 'ಬಿೞ್ದು', ಆಮೇಲೆ 'ಬಿರ್ದು', ಈಗ 'ಬಿದ್ದು'. ಎರಡು ಸಲ ಸವೆದ ಮಾತನ್ನು ಬಳಸಿಕೊಂಡು, ಒಂದು ಸಲ ಸವೆದ ಮಾತನ್ನು ಗೇಲಿ ಮಾಡಿದ್ದೀರಿ. ಆ ೞಕಾರ ವರ್ಣಮಾಲೆಯಿಂದಲೇ ಕಳೆದುಹೋಯಿತು, ಯಾರೂ ಅಳಲಿಲ್ಲ. 13ನೆಯ ಶತಮಾನದ ವ್ಯಾಕರಣಕಾರ ಕೇಶಿರಾಜ ಅದು ಬರುವ ಪದಗಳನ್ನು ಪಟ್ಟಿ ಮಾಡಿಕೊಟ್ಟ. ಪಟ್ಟಿ ಬೇಕಾಯಿತೆಂದರೆ ಜನರ ನಾಲಿಗೆ ಆಗಲೇ ಮರೆಯತೊಡಗಿತ್ತು ಎಂದೇ ನಾನು ತಿಳಿಯುತ್ತೇನೆ.

ನನಗೇಕೆ ಇಷ್ಟು ಸಿಟ್ಟು? ಮೂರನೆಯ ತರಗತಿಯಲ್ಲಿ 'ಅಸು ಉಲ್ಲು ತಿನ್ನುತ್ತದೆ' ಎಂದು ಓದಿದ್ದಕ್ಕೆ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ತರಗತಿಯೆಲ್ಲ ನಿಮ್ಮ ಹಾಗೆಯೇ ನಕ್ಕಿತು. ಅವ್ವ ಕಲಿಸಿದ ಮಾತು ಅದು. ಎರಡು ವರ್ಷ ನಾನು ಗಟ್ಟಿಯಾಗಿ ಓದಲಿಲ್ಲ. ಈಗಲೂ ಧಾರಾವಾಹಿಗಳಲ್ಲಿ ಹಕಾರ ಬಿಡುವವನು ಮನೆಗೆಲಸದವನೋ ಕೋಡಂಗಿಯೋ ಆಗಿರುತ್ತಾನೆ, ಡಾಕ್ಟರಂತೂ ಅಲ್ಲ. ನಮ್ಮ ಪತ್ರಿಕೆಗೆ ಹಳ್ಳಿಗಳಿಂದ ಬರುವ ಕಥೆಗಳ ಜೊತೆ 'ತಪ್ಪಿದ್ದರೆ ಕ್ಷಮಿಸಿ' ಎಂಬ ಚೀಟಿ ಇರುತ್ತದೆ. ನಗರದ ಕಥೆಗಳಲ್ಲಿ ತಪ್ಪುಗಳಿಗೇನೂ ಬರವಿಲ್ಲ, ಚೀಟಿ ಮಾತ್ರ ಇರುವುದಿಲ್ಲ.

– ಸಂ.