ಏಳು ತಿಂಗಳ ಮುಧೋಳ ನಾಯಿಗೆ ‘ಬಾ’ ಎಂದರೆ ಬರುವುದನ್ನು ಕಲಿಸುವುದು ಹೇಗೆ?

ನಿಮ್ಮ ಮುಧೋಳ ಮರಿ ಮನೆಯೊಳಗೆ ಮಾತು ಕೇಳುತ್ತದೆ, ಬಯಲಿಗೆ ಬಿಟ್ಟರೆ ಎಷ್ಟು ಕೂಗಿದರೂ ತಿರುಗಿ ನೋಡುವುದಿಲ್ಲ, ‘ಈ ತಳಿಗೆ ಬುದ್ಧಿ ಕಡಿಮೆ, ನಾಲ್ಕು ಬಾರಿಸಿ’ ಎಂದು ನೆರೆಯವರು ಹೇಳುತ್ತಾರೆ ಎಂದು ಬರೆದಿದ್ದೀರಿ. ದಯವಿಟ್ಟು ಬಾರಿಸಬೇಡಿ. ನಾನು ಒಮ್ಮೆ ಬಾರಿಸಿದ್ದೇನೆ, ಅದರಿಂದ ಏನಾಯಿತೆಂದು ಮುಂದೆ ಹೇಳುತ್ತೇನೆ.

ಬುದ್ಧಿ ಕಡಿಮೆ ಎಂಬುದು ಸುಳ್ಳು. ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದ ಮರಿಗಳನ್ನು 2016ರಲ್ಲಿ ಸೇನೆಯವರು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರು. ವಿಷಯ ಇಷ್ಟೇ: ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಮೊಲ ಕಂಡೊಡನೆ ಒಡೆಯನ ಅಪ್ಪಣೆಗೆ ಕಾಯದೆ ಬೆನ್ನಟ್ಟಲೆಂದೇ ತಲೆತಲಾಂತರದಿಂದ ಸಾಕಿದ ತಳಿ. ಓಟಕ್ಕೆ ಬಿದ್ದ ಮೇಲೆ ನಿಮ್ಮ ದನಿ ಅದರ ಮನಸ್ಸಿಗೆ ಇಳಿಯುವುದೇ ಕಷ್ಟ.

ಮೊದಲು ಪದಗಳನ್ನು ಗೊತ್ತುಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ನಾನು ‘ಬಾ’ ಎನ್ನುತ್ತಿದ್ದೆ, ಅಮ್ಮ ‘ಬಾರೇ ಇಲ್ಲಿ’ ಎನ್ನುತ್ತಿದ್ದರು, ಮಗಳು ‘ಕಮ್’ ಎನ್ನುತ್ತಿದ್ದಳು. ಸಾಲದ್ದಕ್ಕೆ ಚಪ್ಪಲಿ ಕಚ್ಚಿದಾಗ ಎಲ್ಲರೂ ‘ಬೇಡ’, ‘ಬಿಡು’ ಎಂದು ಕೂಗುತ್ತಿದ್ದೆವು. ಬಾ, ಬೇಡ, ಬಿಡು ಮೂರೂ ಒಂದೇ ಸದ್ದಿನಿಂದ ಶುರುವಾಗುತ್ತವೆ. ನಮ್ಮ ನಾಯಿ ಕೆಂಚಿ ಗೊಂದಲಕ್ಕೆ ಬಿದ್ದು ನಿಂತಲ್ಲೇ ಮುಖ ನೋಡುತ್ತಿದ್ದಳು. ಆಮೇಲೆ ಬೇಡದ್ದಕ್ಕೆಲ್ಲ ‘ಛೀ’ ಎಂಬ ಒಂದೇ ಪದ ಎಂದು ಮನೆಯವರೆಲ್ಲ ಒಪ್ಪಿಕೊಂಡೆವು.

‘ಕೂರು’ ಸುಲಭ. ತಿನಿಸನ್ನು ಮೂಗಿನ ತುದಿಗೆ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಿರಿ. ಮುಖ ಮೇಲೇರಿದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಕ್ಷಣವೇ ತಿನಿಸು ಬಾಯಿಗೆ ಬೀಳಬೇಕು, ನೀವು ಡಬ್ಬಿ ತೆಗೆಯುವಷ್ಟರಲ್ಲಿ ಅದು ಎದ್ದರೆ ಎದ್ದದ್ದಕ್ಕೇ ಬಹುಮಾನ ಕೊಟ್ಟಂತಾಗುತ್ತದೆ. ಇನ್ನೊಂದು ಮಾತು: ಈ ನಾಯಿಗಳ ಮೈಯಲ್ಲಿ ಕೊಬ್ಬು ಬಹಳ ಕಡಿಮೆ, ನುಣುಪಾದ ಟೈಲ್ಸ್ ಮೇಲೆ ಕಾಲು ಜಾರುತ್ತದೆ, ಮೂಳೆ ಒತ್ತುತ್ತದೆ. ಕೂರಲು ಒಲ್ಲೆ ಎಂದರೆ ಹಟವೆಂದು ತಿಳಿಯಬೇಡಿ, ಒಂದು ಗೋಣಿಚೀಲ ಹಾಸಿ ನೋಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಮೂರು ಸಲ. ಬೇಯಿಸಿದ ಕೋಳಿಯ ಚೂರು, ಮೊಟ್ಟೆ, ಪನೀರ್ ಯಾವುದಾದರೂ ಆದೀತು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ಕೊಡಲೇಬೇಡಿ, ನಾಯಿಗಳಿಗೆ ಅವು ವಿಷ.

ಈಗ ‘ಬಾ’. ಕೆಂಚಿಗೆ ಹತ್ತು ತಿಂಗಳಿದ್ದಾಗ ಒಂದು ಸಂಜೆ ಆಡಿನ ಹಿಂಡು ಕಂಡು ಜೋಳದ ಹೊಲದೊಳಗೆ ನುಗ್ಗಿದಳು. ಅರ್ಧ ಗಂಟೆ ಕೂಗಿದೆ. ಕೊನೆಗೆ ನಾಲಿಗೆ ಇಳಿಬಿಟ್ಟು, ಬಾಲ ಅಲ್ಲಾಡಿಸುತ್ತ ತಾನಾಗಿಯೇ ನನ್ನ ಕಾಲಬಳಿ ಬಂದು ನಿಂತಳು. ಹೆದರಿಕೆಯೂ ಸಿಟ್ಟೂ ಸೇರಿ ಕೈಯಲ್ಲಿದ್ದ ಹಗ್ಗದಿಂದ ಎರಡು ಏಟು ಕೊಟ್ಟೆ. ನಾನು ಹೊಡೆದದ್ದು ಓಡಿದ್ದಕ್ಕೆ, ಅವಳು ಕಲಿತದ್ದು ಬಂದರೆ ಏಟು ಬೀಳುತ್ತದೆ ಎಂದು. ಮರುದಿನದಿಂದ ‘ಬಾ’ ಎಂದರೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ಕಿವಿ ಹಿಂದಕ್ಕೆ ಮಡಚಿ, ನನ್ನ ಕೈಯನ್ನೇ ನೋಡುತ್ತಿದ್ದಳು. ಆ ನೋಟ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ.

ಆ ಪದ ಕೆಟ್ಟಿತ್ತು, ಬಿಟ್ಟುಬಿಟ್ಟೆ. ಒಂದು ಸೀಟಿ ಕೊಂಡು ತಂದು ಮೊದಲಿನಿಂದ ಶುರುಮಾಡಿದೆ. ಮೊದಲ ವಾರ ಊಟದ ತಟ್ಟೆ ಇಡುವಾಗ ಮಾತ್ರ ಊದಿದೆ. ಆಮೇಲೆ ಅಂಗಳದಲ್ಲಿ, ಆಮೇಲೆ ಬಯಲಲ್ಲಿ ಹತ್ತು ಮೀಟರ್ ಹಗ್ಗ ಕಟ್ಟಿ. ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಬೇಡಿ, ನಾಲ್ಕು ನೆಗೆತಕ್ಕೇ ವೇಗ ಹಿಡಿಯುವ ನಾಯಿಗೆ ಹಗ್ಗ ಮುಗಿದಲ್ಲಿ ಬೀಳುವ ಜಗ್ಗು ಕುತ್ತಿಗೆಗೆ ಅಪಾಯ. ಎದೆಗೆ ಹಾಕುವ ಹಾರ್ನೆಸ್ ಬೇಕು. ಬಂದಾಗಲೆಲ್ಲ ಬೇರೆ ಯಾವಾಗಲೂ ಸಿಗದ ತಿನಿಸು ಕೊಡಿ. ನಮ್ಮಲ್ಲಿ ಕೋಳಿಯ ಈಲಿ (ಲಿವರ್) ಸೀಟಿಗೆ ಮಾತ್ರ ಮೀಸಲು. ಸ್ನಾನಕ್ಕೆ, ಔಷಧಿಗೆ, ಕಟ್ಟಿಹಾಕುವುದಕ್ಕೆ ಕರೆಯಬೇಡಿ, ನೀವೇ ಹತ್ತಿರ ಹೋಗಿ ಕರೆತನ್ನಿ. ಆಟದ ನಡುವೆ ಕರೆದು, ತಿನಿಸು ಕೊಟ್ಟು, ಮತ್ತೆ ಆಡಲು ಬಿಡಿ. ಬಂದರೆ ಆಟ ಮುಗಿಯಿತು ಎಂದು ಅದಕ್ಕೆ ಅನ್ನಿಸಬಾರದು.

ಅವಳು ನನ್ನ ಕೈಯನ್ನು ಮತ್ತೆ ನಂಬಲು ನಾಲ್ಕು ತಿಂಗಳು ಹಿಡಿಯಿತು. ನಿಮ್ಮ ಮರಿಯ ‘ಬಾ’ ಇನ್ನೂ ಕೆಟ್ಟಿಲ್ಲ, ನಿಮಗೆ ಅಷ್ಟು ದಿನ ಬೇಕಾಗಲಿಕ್ಕಿಲ್ಲ. ಈಗಲೂ ಆಡು ಕಂಡರೆ ಕೆಂಚಿಯ ಮೈ ಬಿಗಿಯುತ್ತದೆ. ಓಡುವ ಮೊದಲೇ ಊದಿದರೆ ಹತ್ತರಲ್ಲಿ ಎಂಟು ಸಲ ತಿರುಗಿ ಬರುತ್ತಾಳೆ. ಉಳಿದ ಎರಡು ಸಲಕ್ಕಾಗಿ, ರಸ್ತೆ ಹತ್ತಿರವಿದ್ದಲ್ಲಿ ನಾನು ಹಗ್ಗ ಬಿಚ್ಚುವುದಿಲ್ಲ.