ಪುಲ್ಮನ್ ಪಟ್ಟಣದ ಮನೆ ಮತ್ತು ಬಾಡಿಗೆ: ಸಂಪಾದಕರ ಉತ್ತರ

ಅಮೆರಿಕದ ಕಾರ್ಮಿಕ ಸಂಘಗಳ ಕುರಿತ ನಮ್ಮ ಲೇಖನವನ್ನು ಓದಿದ ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ರೈಲು ಬೋಗಿಗಳ ತಯಾರಕ ಜಾರ್ಜ್ ಪುಲ್ಮನ್ ತನ್ನ ಕೆಲಸಗಾರರಿಗೆಂದೇ ಶಿಕಾಗೊ ಪಕ್ಕದಲ್ಲಿ ಊರು ಕಟ್ಟಿಸಿದ. ಇಟ್ಟಿಗೆ ಮನೆ, ನಲ್ಲಿ ನೀರು, ಉದ್ಯಾನ, ಗ್ರಂಥಾಲಯ ಎಲ್ಲವೂ ಅಲ್ಲಿದ್ದವು. ಅಂಥವನ ವಿರುದ್ಧ ಮುಷ್ಕರ ಹೂಡಿದ್ದು ಉಂಡ ಮನೆಗೆ ಎರಡು ಬಗೆದಂತಲ್ಲವೇ?"

ಮಾನ್ಯರೇ, ಆ ಊರಿನಲ್ಲಿ ಯಾವುದೂ ಪುಕ್ಕಟೆಯಾಗಿರಲಿಲ್ಲ. ಗ್ರಂಥಾಲಯಕ್ಕೂ ಶುಲ್ಕವಿತ್ತು. ಹಸಿರು ಕಲ್ಲಿನ ಚೆಲುವಾದ ಚರ್ಚಿನ ಬಾಡಿಗೆ ತೆರಲಾರದೆ ಯಾವ ಕ್ರೈಸ್ತ ಭಕ್ತರ ಸಭೆಯೂ ಮುಂದೆ ಬಾರದ್ದರಿಂದ ಅದು ಬಹುಕಾಲ ಖಾಲಿ ಬಿದ್ದಿತ್ತು. ಕೆಲಸಗಾರ ಎಷ್ಟು ವರ್ಷ ದುಡಿದರೂ ತಾನಿದ್ದ ಮನೆಯನ್ನು ಕೊಂಡುಕೊಳ್ಳುವಂತಿರಲಿಲ್ಲ. ಹತ್ತು ದಿನಗಳ ನೋಟಿಸು ಕೊಟ್ಟು ಅವನನ್ನು ಹೊರಹಾಕಬಹುದಿತ್ತು.

1893ರ ಆರ್ಥಿಕ ಕುಸಿತದಲ್ಲಿ ಕಂಪನಿ ಕೂಲಿಯನ್ನು ಸುಮಾರು ಕಾಲು ಭಾಗ ಕಡಿತಗೊಳಿಸಿತು. ಬಾಡಿಗೆಯಲ್ಲಿ ಒಂದು ಸೆಂಟನ್ನೂ ಇಳಿಸಲಿಲ್ಲ. ಷೇರುದಾರರಿಗೆ ಶೇ. 8ರ ಲಾಭಾಂಶ ಮಾತ್ರ ಎಂದಿನಂತೆ ಸಂದಾಯವಾಯಿತು. ಕೂಲಿ ಕೊಡುವವನೂ ಬಾಡಿಗೆ ವಸೂಲು ಮಾಡುವವನೂ ಒಬ್ಬನೇ ಆದಾಗ ಒಂಟಿ ಕೆಲಸಗಾರ ಯಾರ ಬಳಿ ದೂರು ಹೇಳಬೇಕು? 1894ರ ಮೇ ತಿಂಗಳಲ್ಲಿ ಕೆಲಸಗಾರರ ಸಮಿತಿಯೊಂದು ಹೋಗಿ ವಿನಯದಿಂದಲೇ ಕೇಳಿತು. ಮಾರನೆಯ ದಿನ ಅದರ ಮೂವರು ಸದಸ್ಯರು ಕೆಲಸ ಕಳೆದುಕೊಂಡರು. ಮುಷ್ಕರ ಶುರುವಾದದ್ದು ಅದರ ಮರುದಿನ, ಮೇ 11ರಂದು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಮೂರು ದಿನಗಳಲ್ಲಿದೆ.

ಯೂಜೀನ್ ಡೆಬ್ಸ್ ಅಧ್ಯಕ್ಷರಾಗಿದ್ದ ಅಮೆರಿಕನ್ ರೈಲ್ವೆ ಯೂನಿಯನ್ ಇವರ ಬೆನ್ನಿಗೆ ನಿಂತಿತು. ಜೂನ್ ಕೊನೆಯಲ್ಲಿ ಅದರ ಸದಸ್ಯರು ಪುಲ್ಮನ್ ಬೋಗಿಗಳಿರುವ ರೈಲುಗಳನ್ನು ಮುಟ್ಟುವುದಿಲ್ಲ ಎಂದರು. ಅಂಚೆ ಸಾಗಾಟಕ್ಕೆ ಅಡ್ಡಿಯಾಯಿತೆಂಬ ಕಾರಣ ಮುಂದಿಟ್ಟು ಸರ್ಕಾರ ನ್ಯಾಯಾಲಯದ ತಡೆಯಾಜ್ಞೆ ತಂದಿತು, ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಶಿಕಾಗೊಗೆ ಸೇನೆ ಕಳಿಸಿದರು. ಮುಷ್ಕರ ಮುರಿದುಬಿತ್ತು, ಡೆಬ್ಸ್ ಜೈಲಿಗೆ ಹೋದರು. ಆದರೆ 1898ರಲ್ಲಿ ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಕಾರ್ಖಾನೆಗೆ ಬೇಕಿಲ್ಲದ ಆಸ್ತಿಯನ್ನೆಲ್ಲ ಕಂಪನಿ ಮಾರಬೇಕೆಂದು ತೀರ್ಪಿತ್ತಿತು.

ನೀವು ಕೇಳದಿದ್ದರೂ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಲೇಖನದಲ್ಲಿ ಅದು ಬಿಟ್ಟುಹೋಗಿತ್ತು. ಡೆಬ್ಸ್ ವಿರೋಧಿಸಿದರೂ ಕೇಳದೆ ಅದೇ ಯೂನಿಯನ್ ಕರಿಯರಿಗೆ ಸದಸ್ಯತ್ವ ನಿರಾಕರಿಸಿತ್ತು. ಪುಲ್ಮನ್ ಬೋಗಿಗಳಲ್ಲಿ ಹಾಸಿಗೆ ಹಾಸಿ, ಪ್ರಯಾಣಿಕರ ಬೂಟು ಒರೆಸುತ್ತಿದ್ದ ಪರಿಚಾರಕರು ಕರಿಯರೇ. ಅವರು ಎ. ಫಿಲಿಪ್ ರಾಂಡಾಲ್ಫ್ ಅವರ ನೇತೃತ್ವದಲ್ಲಿ 1925ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. ಹನ್ನೆರಡು ವರ್ಷ ಪಟ್ಟು ಬಿಡದೆ ಹೋರಾಡಿ, 1937ರಲ್ಲಿ ಅದೇ ಪುಲ್ಮನ್ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು.

— ಸಂಪಾದಕ