ತೋಳಮನುಷ್ಯನಿಗೆ ಹುಣ್ಣಿಮೆಯೇ ಬೇಕೇ?

ಪ್ರಶ್ನೆ: ಕಾಲೇಜು ಗ್ಯಾದರಿಂಗಿಗೆ ಅರ್ಧ ಗಂಟೆಯ ನಾಟಕ ಬರೆಯುತ್ತಿದ್ದೇವೆ. ಯಲ್ಲಾಪುರದ ಕಾಡಿನಲ್ಲಿ ಹುಣ್ಣಿಮೆಗೆ ತೋಳವಾಗುವವನ ಕಥೆ. ಅವನು ಬೆಳ್ಳಿ ಗುಂಡಿನಿಂದಲೇ ಸಾಯಬೇಕೇ? ಮುಖಕ್ಕೆ ಕೂದಲು ಅಂಟಿಸುವುದು ಹೇಗೆ?
– ವಿದ್ಯಾರ್ಥಿಗಳು, ಕಾರವಾರ

ಉತ್ತರ: ಬೇಕಿಲ್ಲ. ಬೆಳ್ಳಿ ಗುಂಡು ಮಾಟಗಾರರ ಹಳೆಯ ಕಥೆಗಳಲ್ಲಿ ಉಂಟು. ಅದನ್ನೂ ಹುಣ್ಣಿಮೆಯನ್ನೂ ತೋಳಮನುಷ್ಯನಿಗೆ ಗಂಟು ಹಾಕಿದ್ದು 1935ರಿಂದೀಚಿನ ಹಾಲಿವುಡ್. ಹಳೆಯ ಕಥೆಗಳಲ್ಲಿ ರೂಪ ಬದಲಾಗುವುದು ಒಂದು ವಸ್ತುವಿನಿಂದ. 1589ರಲ್ಲಿ ಜರ್ಮನಿಯ ಕಲೋನ್ ಬಳಿ ಮರಣದಂಡನೆಗೊಳಗಾದ ಪೀಟರ್ ಸ್ಟುಂಪ್, ಚಿತ್ರಹಿಂಸೆಯ ಭಯದಲ್ಲಿ ಹೇಳಿದ್ದು ಸೈತಾನ ಕೊಟ್ಟ ಸೊಂಟಪಟ್ಟಿಯ ಕಥೆ: ಕಟ್ಟಿದರೆ ತೋಳ, ಬಿಚ್ಚಿದರೆ ಮನುಷ್ಯ. ಇನ್ನೊಂದು ನಿಯಮ ಗಾಯದ್ದು. ರೋಮನ್ ಕಥೆಯೊಂದರಲ್ಲಿ ರಾತ್ರಿ ತೋಳದ ಕುತ್ತಿಗೆಗೆ ಈಟಿ ಬೀಳುತ್ತದೆ, ಬೆಳಿಗ್ಗೆ ತೋಳವಾಗಿದ್ದ ಸೈನಿಕನ ಕುತ್ತಿಗೆಗೆ ವೈದ್ಯರು ಮದ್ದು ಹಾಕುತ್ತಿರುತ್ತಾರೆ. ನಮ್ಮದೇ ಹೂವಿನ ಗಿಡವಾಗುವ ಹುಡುಗಿಯ ಕಥೆ ನೆನಪಿಸಿಕೊಳ್ಳಿ. ಒಂದು ಕೊಡ ನೀರಿಗೆ ಗಿಡ, ಇನ್ನೊಂದಕ್ಕೆ ಹುಡುಗಿ. ಟೊಂಗೆ ಮುರಿದಿದ್ದಕ್ಕೆ ಕೈಕಾಲೇ ಇಲ್ಲ.

ಆದರೆ ತೋಳ ಬಯಲುಸೀಮೆಯ ಪ್ರಾಣಿ, ಯಲ್ಲಾಪುರದ ದಟ್ಟ ಕಾಡಿನದ್ದಲ್ಲ. ಹುಲಿದೇವರ ಕಲ್ಲಿಗೆ ಕಾಯಿ ಒಡೆಯುವ ಸೀಮೆಯಲ್ಲಿ ಅವನು ಹುಲಿಯೇ ಆಗಲಿ. ಮಧ್ಯ ಭಾರತದಲ್ಲಿ ಅಂಥ ಕಥೆ ಇದೆ: ಒಂದು ಬೇರು ತಿಂದು ಹುಲಿಯಾದವನಿಗೆ ಹೆಂಡತಿ ಮರುಬೇರು ಕೊಡಬೇಕು, ಅವಳೋ ಹೆದರಿ ಬೇರಿನ ಸಮೇತ ಓಡುತ್ತಾಳೆ. ಅರ್ಧ ಗಂಟೆಗೆ ಇಷ್ಟು ಸಾಕು.

ಕೂದಲು ಅಂಟಿಸುವುದು ಮಾಡಿಗೆ ಹೆಂಚು ಹೊದೆಸಿದ ಹಾಗೆ, ಕೆಳಗಿನಿಂದ ಮೇಲಕ್ಕೆ: ಗದ್ದ, ಕೆನ್ನೆ, ಕಡೆಗೆ ಹುಬ್ಬು. ಮೇಲಿನಿಂದ ಶುರು ಮಾಡಿದರೆ ಪ್ರತಿ ಸಾಲಿನ ಗೋಂದೂ ಕಾಣುತ್ತದೆ. ಸ್ಪಿರಿಟ್ ಗಮ್ (ವೇಷದ ಕೂದಲನ್ನು ಚರ್ಮಕ್ಕೆ ಅಂಟಿಸುವ ಗೋಂದು) ತೆಳ್ಳಗೆ ಸವರಿ, ಬೆರಳಿಗೆ ಅಂಟಂಟಾದ ಮೇಲೆ ಕೂದಲು ಒತ್ತಿ. ಹಸಿ ಇರುವಾಗಲೇ ಒತ್ತಿದರೆ ಜಾರುತ್ತದೆ. ಕರಾವಳಿಯ ಬೆವರಿಗೆ ಮೊದಲು ಏಳುವುದು ಬಾಯಿಯ ಸುತ್ತಲಿನದು, ಅಲ್ಲಿ ಕಡಿಮೆ ಅಂಟಿಸಿ. ಹಿಂದಿನ ದಿನವೇ ಮೊಣಕೈಯ ಒಳಬದಿಗೆ ಒಂದು ಹನಿ ಹಚ್ಚಿ ನೋಡಿ, ತುರಿಸಿದರೆ ಆ ಗಮ್ ಬೇಡ. ಕಿತ್ತು ತೆಗೆಯಬೇಡಿ, ರಿಮೂವರ್ ಬಳಸಿ. ರೂಪ ಬದಲಾಗುವ ಗಳಿಗೆಗೆ ಯಕ್ಷಗಾನದ ತೆರೆ ಹಿಡಿಯಿರಿ. ಸಿನಿಮಾದ ಕ್ಯಾಮೆರಾ ತಂತ್ರ ರಂಗದ ಮೇಲೆ ನಡೆಯದು.

ಪ್ರಶ್ನೆ: ಕಚ್ಚಿದರೆ ತೋಳವಾಗುತ್ತಾರೆ ಎಂಬುದು ರೇಬೀಸಿನಿಂದ ಹುಟ್ಟಿದ್ದೇ?
– ಓದುಗರು, ಶಿರಸಿ

ಉತ್ತರ: ಹಾಗೆ ಊಹಿಸುವವರಿದ್ದಾರೆ. ಆದರೆ ಹಳೆಯ ವಿಚಾರಣೆಗಳಲ್ಲಿ ಬರುವುದು ಹೆಚ್ಚಾಗಿ ಪಟ್ಟಿ, ಚರ್ಮ, ಮುಲಾಮು; ಕಚ್ಚಿ ಹರಡುವುದನ್ನು ಜನಪ್ರಿಯಗೊಳಿಸಿದ್ದು ಸಿನಿಮಾ. ನಿಜಕ್ಕೂ ನಾಯಿ ಕಚ್ಚಿದರೆ ಮಾತ್ರ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಲಸಿಕೆಗೆ ಹೋಗಿ.